ಕಾರ್ತಿಕದಲ್ಲಿ ಎದ್ದು ನಿಲ್ಲುವ ಕೂದಲು

ಸರ್ಕಾರಿ ನೌಕರರು ನಿವೃತ್ತರಾದಾಗ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಅಷ್ಟೂ ವರ್ಷ ಅವರನ್ನು ಕಂಡರಾಗದಿದ್ದ ಸಹೋದ್ಯೋಗಿಗಳ ಗದ್ಗದ ಭಾಷಣ ದೊರೆಯುತ್ತವೆ. ಲೇಡೀಸ್ ಬ್ಯೂಟಿ ಪಾರ್ಲರ್ ನಡೆಸಿದವಳಿಗೆ ಮಂಡಿನೋವು ದೊರೆಯುತ್ತದೆ. ತಿರುಮಕೂಡಲು ನರಸೀಪುರದ ನನ್ನ ಪಾರ್ಲರಿಗೆ ಬೀಗ ಹಾಕಿದ ದಿನ ಬಂದವರು ಇಬ್ಬರೇ. ಕನ್ನಡಿಯನ್ನು ಕಡಿಮೆ ಬೆಲೆಗೆ ಕೊಡುತ್ತೀರಾ ಎಂದು ಕೇಳಲು ಬಂದ ಪಕ್ಕದ ಅಂಗಡಿಯವರು ಒಬ್ಬರು. ಸುದ್ದಿ ತಿಳಿಯದೆ ಐಬ್ರೋ ಮಾಡಿಸಿಕೊಳ್ಳಲು ಬಂದ ಗಿರಾಕಿ ಇನ್ನೊಬ್ಬರು. ಭಾಷಣ ಮಾಡುವ ಸೌಜನ್ಯವನ್ನು ಇಬ್ಬರೂ ತೋರದ ಕಾರಣ ಆ ಕರ್ತವ್ಯವನ್ನು ನಾನೇ ನಿರ್ವಹಿಸುತ್ತಿದ್ದೇನೆ.

ಈ ವೃತ್ತಿಗೆ ಹೊಸದಾಗಿ ಬರುತ್ತಿರುವ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದು ಒಂದೇ ವಿಷಯ: ಮಳೆ ನಿಂತ ಮೇಲೆ, ದಸರೆಯಿಂದ ಕಾರ್ತಿಕ ಮುಗಿಯುವವರೆಗೆ, ಗುಂಗುರು ಕೂದಲನ್ನು ಏನು ಮಾಡಬೇಕು. ಪೂರ್ತಿ ಸುರುಳಿಯೂ ಅಲ್ಲದ, ನೇರವೂ ಅಲ್ಲದ, ಹೊಳೆಯ ನೀರಿನಂತೆ ಅಲೆಯಲೆಯಾಗಿ ಇಳಿಯುವ ಕೂದಲಿನ ಮಾತು ಇದು. ಇಷ್ಟು ಕ್ಷುಲ್ಲಕ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಇದೇ ಕ್ಷುಲ್ಲಕ ವಿಷಯಕ್ಕಾಗಿ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳ ತಲೆ ಬೋಳಿಸುವುದೆಂದು ಒಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬೋಳಿಸಿದರೆ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲವೆಂದು ಆ ಹುಡುಗಿಯೂ ತೀರ್ಮಾನಿಸಿದ್ದಳು. ಎರಡು ತೀರ್ಮಾನಗಳ ನಡುವೆ ನಾನು ಸಿಕ್ಕಿಕೊಂಡೆ. ಆ ಪ್ರಸಂಗಕ್ಕೆ ಬರುವ ಮೊದಲು ನನ್ನ ಗುರುಗಳನ್ನು ಪರಿಚಯಿಸಬೇಕು. ಅವರಿಂದ ನಾನು ಕಲಿತದ್ದು, ಏನನ್ನು ಮಾಡಬಾರದು ಎಂಬುದನ್ನು.

ತೊಂಬತ್ತರ ದಶಕದ ಆರಂಭ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಷೀಲ್ಡುಗಳನ್ನು ನಮ್ಮ ಮನೆಯ ಗೂಡಿನಲ್ಲಿ ಜೋಡಿಸಿಟ್ಟು, ಸ್ತ್ರೀಯರ ವಿಮೋಚನೆಯನ್ನು ನಂಜನಗೂಡಿನಿಂದಲೇ ಆರಂಭಿಸುವುದೆಂದು ನಾನು ನಿಶ್ಚಯಿಸಿದ್ದೆ. ನಾನು ವಕೀಲಳಾಗುತ್ತೇನೆಂದು ಅಪ್ಪ ನಂಬಿದ್ದರು. ಆದರೆ ನ್ಯಾಯಾಲಯಕ್ಕೆ ಹೋಗುವ ಹೆಂಗಸರು ಕಡಿಮೆ, ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಬೈದುಕೊಳ್ಳುವ ಹೆಂಗಸರು ಹೆಚ್ಚು ಎಂಬುದು ನನ್ನ ವಾದ. ಆದ್ದರಿಂದ ಪೇಟೆ ಬೀದಿಯ ಒಂದು ಪಾರ್ಲರಿನಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಅಪ್ಪ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಪ್ರತಿವಾದಿಯ ಮೌನವನ್ನು ನಾನು ಸಮ್ಮತಿಯೆಂದು ದಾಖಲಿಸಿಕೊಂಡೆ.

ಪಾರ್ಲರಿನ ಒಡತಿಯನ್ನು ಎಲ್ಲರೂ ‘ಮೇಡಂ’ ಎನ್ನುತ್ತಿದ್ದರು. ಮೈಸೂರಿನಲ್ಲಿ ತರಬೇತಿ ಪಡೆದವರು. ಅವರ ಸಿದ್ಧಾಂತ ಸರಳವಾಗಿತ್ತು: ನೇರವಾಗಿರುವುದು ಕೂದಲು, ಉಳಿದದ್ದು ಕಾಯಿಲೆ. ಚಿಕಿತ್ಸೆಯೂ ಅಷ್ಟೇ ಸರಳ. ಮೇಜಿನ ಮೇಲೆ ಕಂಬಳಿ ಹಾಸುವುದು, ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ ಆಕೆಯ ತಲೆಯನ್ನು ಮೇಜಿನ ಅಂಚಿಗೆ ಒರಗಿಸುವುದು, ಕೂದಲನ್ನು ಕಂಬಳಿಯ ಮೇಲೆ ಹರಡಿ, ಮೇಲೊಂದು ಹಳೆಯ ಬಟ್ಟೆ ಮುಚ್ಚಿ, ಇಸ್ತ್ರಿ ಪೆಟ್ಟಿಗೆ ಎಳೆಯುವುದು. ಹೌದು, ಬಟ್ಟೆಗೆ ಹಾಕುವ ಅದೇ ಇಸ್ತ್ರಿ ಪೆಟ್ಟಿಗೆ. ತಲೆಗೂ ಸೀರೆಗೂ ಮೇಡಂ ಭೇದ ಎಣಿಸಿದವರಲ್ಲ.

“ಮೇಡಂ, ಸುಟ್ಟ ವಾಸನೆ ಬರ್ತಿದೆ,” ಎಂದು ನಾನೊಮ್ಮೆ ಎಚ್ಚರಿಸಿದೆ.

“ಅದು ವಾಸನೆ ಅಲ್ಲಮ್ಮ, ಸ್ಟೈಲು,” ಎಂದರು ಮೇಡಂ.

ಮೇಜಿಗೆ ತಲೆಕೊಟ್ಟಿದ್ದ ಗಿರಾಕಿ, “ಮೇಡಂ, ಕಿವಿ ಬಿಸಿಯಾಗ್ತಿದೆ,” ಎಂದು ಅಳುದನಿಯಲ್ಲಿ ಹೇಳಿದಾಗ, “ಇನ್ನೇನ್ ಮುಗೀತು, ಅಳೋದಿದ್ರೆ ಮನೇಗ್ ಹೋಗಿ ಅಳಿ, ಇಲ್ಲಿ ಕಣ್ಣೀರು ಬಿದ್ರೆ ಮತ್ತೆ ಗುಂಗುರಾಗುತ್ತೆ,” ಎಂದು ಸಮಾಧಾನ ಹೇಳಿದರು.

ದಸರೆಯ ಹಿಂದಿನ ವಾರ ನಮ್ಮಲ್ಲಿ ಜನ ತುಂಬಿರುತ್ತಿದ್ದರು. ಜಂಬೂಸವಾರಿ ನೋಡಲು ಮೈಸೂರಿಗೆ ಹೊರಟ ಹುಡುಗಿಯರೆಲ್ಲ ಇಸ್ತ್ರಿಯಾಗಿ ಹೋಗುತ್ತಿದ್ದರು. ರೈಲಿನ ನೂಕುನುಗ್ಗಲಿನಲ್ಲಿ ಬೆವರಿ, ಆನೆ ಕಾಣಿಸುವ ಮೊದಲೇ ಗುಂಗುರು ವಾಪಸು ಬಂದಿರುತ್ತಿತ್ತು. ವಾಪಸು ಬಾರದೆ ಹೋದದ್ದು ಕೂದಲಿನ ತುದಿ ಮಾತ್ರ. ಅದು ಪೊರಕೆಯ ಕಡ್ಡಿಯಂತೆ ಸೀಳಿ ನಿಂತಿರುತ್ತಿತ್ತು. ಜಗಳಕ್ಕೆ ಬಂದವರಿಗೆ ಮೇಡಂ, “ಮೈಸೂರು ಗಾಳೀನೇ ಹಾಗೆ,” ಎಂದು ಒಂದು ಇಡೀ ನಗರದ ಮೇಲೆ ಆರೋಪ ಹೊರಿಸಿ ಕಳುಹಿಸುತ್ತಿದ್ದರು.

ನನಗೆ ಇದು ಸಹಿಸಲಾಗದ ಅನ್ಯಾಯವಾಗಿ ತೋರಿತು. ಹುಟ್ಟಿನಿಂದ ಬಂದ ರೂಪವನ್ನು ಕಬ್ಬಿಣ ಕಾಯಿಸಿ ಅಳಿಸುವುದು ದಾಸ್ಯವಲ್ಲದೆ ಮತ್ತೇನು? ನಾನು ಸ್ವದೇಶಿ ಮಾರ್ಗದ ಕೇಶರಕ್ಷಣೆಯನ್ನು ರೂಪಿಸಿದೆ. ಅದರ ಮೊದಲ ಹೆಜ್ಜೆಯಾಗಿ ಬದನವಾಳಿನ ಖಾದಿ ಕೇಂದ್ರಕ್ಕೆ ಹೋಗಿ, ಕೈನೂಲಿನ ಹೊಸ ಟವೆಲುಗಳನ್ನು ನನ್ನ ಸಂಬಳದಲ್ಲೇ ಕೊಂಡು ತಂದೆ. ಮರುದಿನ ಒದ್ದೆತಲೆಯ ಗಿರಾಕಿಯೊಬ್ಬರಿಗೆ ಸ್ವಾವಲಂಬನೆಯ ಮಹತ್ವವನ್ನು ವಿವರಿಸುತ್ತ ಹೊಸ ಖಾದಿಯಿಂದ ಚೆನ್ನಾಗಿ ಉಜ್ಜಿ ಒರೆಸಿದೆ. ವಿವರಣೆ ಮುಗಿಯುವ ಹೊತ್ತಿಗೆ ಆಕೆಯ ತಲೆ, ಬಿರಿದ ಹತ್ತಿಕಾಯಿಯಂತೆ ನಾಲ್ಕೂ ದಿಕ್ಕಿಗೆ ಅರಳಿತ್ತು.

ಮೇಡಂ ಬಂದು ನೋಡಿದರು. “ಖಾದಿ ಹಾಕಿ ಭಾಷಣ ಮಾಡೋರ ತಲೇಲಿ ಕೂದಲೇ ಇರಲ್ಲ ಕಣಮ್ಮ, ಅದಕ್ಕೇ ಅವರಿಗೆ ತೊಂದರೆ ಆಗಿಲ್ಲ,” ಎಂದರು. ಅವರ ಜೀವಮಾನದ ಏಕೈಕ ಸಮರ್ಥ ವಾದವನ್ನು ನನ್ನ ವಿರುದ್ಧವೇ ಮಂಡಿಸಬೇಕಾಗಿತ್ತೇ?

ಆದರೂ ಆ ಟವೆಲುಗಳನ್ನು ನಾನು ಎಸೆಯಲಿಲ್ಲ. ಒಗೆದೊಗೆದು, ಬಿಸಿಲಿಗೆ ಒಣಗಿ, ವರ್ಷಗಳು ಕಳೆದ ಮೇಲೆ ಅವು ಬಾಣಂತಿಯ ಮನೆಯ ಹಳೆಯ ಪಂಚೆಯಷ್ಟು ಮೆತ್ತಗಾದವು. ಗುಂಗುರು ಕೂದಲಿಗೆ ಬೇಕಾದದ್ದು ಅದೇ. ಹುಡುಗಿಯರೇ, ಇದನ್ನು ನೆನಪಿಡಿ: ಉಜ್ಜಬೇಡಿ, ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಕೂದಲನ್ನು ಹಿಡಿದು ನೀರನ್ನು ಮೆಲ್ಲನೆ ಒತ್ತಿ ತೆಗೆಯಿರಿ. ಆದರ್ಶಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಈಗ ಇದೇ ಆಗಿದೆ. ಹೊಸದರಲ್ಲಿ ಅವನ್ನು ಯಾರ ತಲೆಯ ಮೇಲೂ ಪ್ರಯೋಗಿಸಬಾರದು.

ಮೇಡಂಗೂ ನನಗೂ ಹೊಂದುವುದಿಲ್ಲವೆಂದು ಇಬ್ಬರಿಗೂ ಖಚಿತವಾದ ಮೇಲೆ ನಾನು ನರಸೀಪುರಕ್ಕೆ ಬಂದೆ. ಬಸ್ ನಿಲ್ದಾಣದ ಸಮೀಪ ಒಂದು ಮಹಡಿಯ ಮೇಲೆ ಸ್ವಂತ ಪಾರ್ಲರ್ ತೆರೆದೆ. ಬನ್ನೂರು ಕಡೆಯ ಹಳ್ಳಿಗಳಿಂದ ಬರುವ ಹೆಂಗಸರೇ ನನ್ನ ಗಿರಾಕಿಗಳು. ಅಲ್ಲಿ ನಾನು ಶರತ್ಕಾಲವನ್ನು ಅಭ್ಯಾಸ ಮಾಡಿದೆ. ಕಾವ್ಯದಲ್ಲಿ ಅದು ಬೆಳದಿಂಗಳ ಋತುವಾಗಿರಬಹುದು. ನಮ್ಮ ತಾಲ್ಲೂಕಿನಲ್ಲಿ ಅದು ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನ ಋತು. ಬೆಳಿಗ್ಗೆ ಇಬ್ಬನಿಯ ತೇವ ಕುಡಿದು ಗುಂಗುರು ಕೂದಲು ಉಬ್ಬುತ್ತದೆ. ಮಧ್ಯಾಹ್ನದ ಒಣಗಾಳಿಗೆ ಅದೇ ಕೂದಲು ಗರಿಗರಿಯಾಗಿ ಎದ್ದು ನಿಲ್ಲುತ್ತದೆ. ಗಾಬರಿಯಾದ ತಾಯಂದಿರು ಅದರ ಮೇಲೆ ಎಣ್ಣೆ ಸುರಿಯುತ್ತಾರೆ, ಎಣ್ಣೆಗೆ ಧೂಳು ಅಂಟುತ್ತದೆ, ಧೂಳು ತೆಗೆಯಲು ಸೀಗೆಪುಡಿ ಹಾಕಿ ತಿಕ್ಕುತ್ತಾರೆ, ತಿಕ್ಕಿದ್ದಕ್ಕೆ ಕೂದಲು ಇನ್ನಷ್ಟು ಒಣಗುತ್ತದೆ, ಮತ್ತೆ ಎಣ್ಣೆ. ಇದಕ್ಕೆ ನಮ್ಮಲ್ಲಿ ಕೂದಲಿನ ಆರೈಕೆ ಎನ್ನುತ್ತಾರೆ.

ನನ್ನ ವಿಧಾನ ಹೀಗಿತ್ತು. ಸ್ನಾನದ ಹಿಂದಿನ ಸಂಜೆ ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಸ್ವಲ್ಪವೇ, ಅದೂ ತುದಿಗಳಿಗೆ. ಸೀಗೆಪುಡಿಯನ್ನು ಕಡಿಮೆ ಮಾಡಿ, ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆ ಹೆಚ್ಚು. ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಬಾಚಣಿಗೆ ಮುಟ್ಟಿಸಬಾರದು. ಇದನ್ನು ಪ್ರತಿ ಗಿರಾಕಿಗೂ ಪೂರ್ವಪಕ್ಷ, ಉತ್ತರಪಕ್ಷಗಳ ಸಮೇತ ವಿವರಿಸುತ್ತಿದ್ದೆ. ತಲೆ ತೊಳೆಯುವಾಗ ಅನೇಕರು ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಕೆಲವರು ಗೊರಕೆಯನ್ನೂ ಹೊಡೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟುತ್ತಲೇ ಮೈಸೂರಿಗೆ ಸ್ಟ್ರೈಟ್ನಿಂಗ್ ಕ್ರೀಮು ಬಂತು. ಕಬ್ಬಿಣದ ದಾಸ್ಯ ಹೋಗಿ ರಸಾಯನದ ದಾಸ್ಯ ಬಂತೆಂದು ನಾನು ಗುಡುಗಿದೆ. ಜನ ಬಸ್ಸು ಹತ್ತಿ ಮೈಸೂರಿಗೆ ಹೋದರು. ಬಾಗಿಲಿಗೆ ‘ಇಲ್ಲಿ ಸ್ಟ್ರೈಟ್ನಿಂಗ್ ಮಾಡುವುದಿಲ್ಲ’ ಎಂದು ನಾನು ತೂಗುಹಾಕಿದ ಫಲಕವನ್ನು ಓದಿ, ಮೈಸೂರಿನಲ್ಲಿ ಯಾವ ಅಂಗಡಿಯಲ್ಲಿ ಮಾಡುತ್ತಾರೆಂದು ನನ್ನನ್ನೇ ವಿಚಾರಿಸಿ ಹೋದವರೂ ಇದ್ದರು.

ಕೋಮಲಾ ನನ್ನಲ್ಲಿಗೆ ಬಂದದ್ದು ಆ ಕಾಲದಲ್ಲಿ, ದಸರಾ ರಜೆ ಮುಗಿಯುವ ಹೊತ್ತಿಗೆ. ಬನ್ನೂರಿನ ಹತ್ತಿರದ ಹಳ್ಳಿಯವಳು, ಮೊದಲ ಪಿಯುಸಿ. ಬಿಗಿಯಾದ ಜಡೆಯನ್ನೂ ಮೀರಿ ಹೊರಬಂದ ಕೂದಲು ಹಣೆಯ ಸುತ್ತ ಸಣ್ಣ ಸಣ್ಣ ಅಲೆಗಳಾಗಿ ನಿಂತಿತ್ತು. ಜೊತೆಯಲ್ಲಿ ಅವಳ ತಾಯಿ.

“ಇದ್ನ ನೆಟ್ಗೆ ಮಾಡ್ಕೊಡಿ ಮೇಡಂ,” ಎಂದರು ತಾಯಿ. “ಇಲ್ದಿದ್ರೆ ನಮ್ಮತ್ತೆ ಕಾರ್ತೀಕ್ದಲ್ಲಿ ನಂಜನಗೂಡಿಗೆ ಕರ್ಕೊಂಡೋಗಿ ಬೋಳ್ಸೇ ಬುಡ್ತಾರೆ.”

ವಿಷಯ ಹೀಗಿತ್ತು. ಕೋಮಲಾ ಮಗುವಾಗಿದ್ದಾಗ ಜ್ವರ ಬಂದು, ಅಜ್ಜಿ ಸಣ್ಣತಾಯಮ್ಮ ಮಗುವಿನ ಮುಡಿ ಕೊಡುವುದಾಗಿ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು. ಜ್ವರ ಇಳಿಯಿತು. ಅಷ್ಟರಲ್ಲಿ ತಾತ ತೀರಿಕೊಂಡು, ಸೂತಕ, ಮನೆ ಭಾಗ ಎಂದು ಹರಕೆ ಹಿಂದೆ ಬಿತ್ತು. ಅದೇ ಸಮಯಕ್ಕೆ ಮಗುವಿನ ನೇರ ಕೂದಲು ಅಲೆಯಾಗತೊಡಗಿತು. ಪ್ರತಿ ಕಾರ್ತಿಕದಲ್ಲೂ ಅದು ಎದ್ದು ನಿಲ್ಲುತ್ತಿತ್ತು. ಅಜ್ಜಿ ಎರಡನ್ನೂ ಸೇರಿಸಿ ನಿರ್ಣಯಕ್ಕೆ ಬಂದರು: ದೇವರು ತನ್ನದನ್ನು ಕೇಳುತ್ತಿದ್ದಾನೆ, ಕೊಟ್ಟರೆ ನೆಟ್ಟಗಿನ ಕೂದಲು ಬರುತ್ತದೆ. ಹುಡುಗಿ ಮದುವೆಯ ವಯಸ್ಸಿಗೆ ಬರುವ ಮೊದಲು ಇದು ಮುಗಿಯಬೇಕು.

“ನಾನು ಸ್ಟ್ರೈಟ್ನಿಂಗ್ ಮಾಡುವುದಿಲ್ಲ,” ಎಂದೆ ನಾನು. “ಇದು ತತ್ತ್ವದ ಪ್ರಶ್ನೆ.”

ಕೋಮಲಾ ಅದುವರೆಗೆ ನೆಲ ನೋಡುತ್ತಿದ್ದವಳು ತಲೆಯೆತ್ತಿದಳು. “ಆಂಟಿ, ನಿಮ್ ತತ್ತ್ವ ನಿಮ್ ತಲೇಲೇ ಇರುತ್ತೆ. ಹೋಗೋದು ನನ್ ತಲೆ ಕೂದ್ಲಲ್ವಾ? ಬೋಳಿಸಿದ್ರೆ ನಾನು ಕಾಲೇಜಿಗೆ ಹೋಗಲ್ಲ. ಅಮ್ಮಂಗೂ ಹೇಳಿದೀನಿ.”

ಅವಳು ಚರ್ಚಾಸ್ಪರ್ಧೆಗೆ ಸೇರಿದ್ದರೆ ನನ್ನ ಷೀಲ್ಡುಗಳು ನನಗೆ ಸಿಗುತ್ತಿರಲಿಲ್ಲ. ನಾನು ಎರಡನೆಯ ದಾರಿ ಹಿಡಿದೆ. ಆರೈಕೆಯಿಂದ ಕೂದಲು ಕಾರ್ತಿಕದಲ್ಲೂ ತಣ್ಣಗೆ ಕೂತರೆ, ದೇವರು ಕೇಳುತ್ತಿದ್ದಾನೆಂಬ ವಾದಕ್ಕೆ ಆಧಾರವೇ ಉಳಿಯುವುದಿಲ್ಲ. ಪ್ರತಿ ವಾರ ಕಾಲೇಜು ಬಿಟ್ಟೊಡನೆ ಕೋಮಲಾ ಬಂದಳು. ದಾಸವಾಳದ ಲೋಳೆ, ತುದಿಗೆ ಎಣ್ಣೆ, ಹಳೆಯ ಖಾದಿ ಟವೆಲು. ದೀಪಾವಳಿಯ ಹೊತ್ತಿಗೆ ಆ ಕೂದಲು ಎಷ್ಟು ಅಂದವಾಗಿ ಅಲೆಯಲೆಯಾಗಿ ಇಳಿಯಿತೆಂದರೆ, ನಾನೇ ಬನ್ನೂರಿನ ಬಸ್ಸು ಹತ್ತಿ ವಿಜಯೋತ್ಸವಕ್ಕೆ ಅವರ ಮನೆಗೆ ಹೋದೆ.

ಸಣ್ಣತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆಗೂದಲನ್ನು ಹರಳೆಣ್ಣೆಯಲ್ಲಿ ಮುಳುಗಿಸಿ ಹಿಂದಕ್ಕೆ ಎಳೆದು ಬಿಗಿದ ಗಂಟು, ಅದರ ಮೇಲೆ ಸೆರಗು.

“ನೀನೇಯಾ ಕೂದ್ಲ್ ತೊಳ್ಯೋ ಲಾಯರವ್ವ?” ಎಂದು ಬರಮಾಡಿಕೊಂಡರು.

“ಅಜ್ಜಿ, ಕೂದಲಿನ ರೂಪ ವಂಶದಿಂದ ಬರುತ್ತೆ. ಹರಕೆಗೂ ಅದಕ್ಕೂ ಸಂಬಂಧವಿಲ್ಲ.”

“ವಂಸ್ದಲ್ಲಿ ಯಾರ್ಗವ್ವ ಅದೆ? ಉಟ್ಟಿದಾಗ ನೆಟ್ಗೇ ಇತ್ತು. ನಾನೇ ಎಣ್ಣೆ ತಿಕ್ಕಿವ್ನಿ. ಅರಕೆ ತಪ್ಪುದ್ಮೇಲೆ ಸೊಟ್ಟಗಾಯ್ತು.”

“ಹಾಗಾದ್ರೆ ಮಳೆಗಾಲದಲ್ಲಿ ಯಾಕೆ ಇಷ್ಟು ಎದ್ದು ನಿಲ್ಲಲ್ಲ? ಕಾರ್ತಿಕದ ಗಾಳಿ ಒಣಗಾಳಿ, ಅದಕ್ಕೆ...”

“ಮಳ್ಗಾಲ್ದಲ್ಲಿ ಗದ್ದೆ ಕೆಲ್ಸ ಇರ್ತದೆ ಅಂತ ನಂಜುಂಡಪ್ಪಂಗ್ ಗೊತ್ತಿಲ್ವಾ? ಬುಡುವಾದ್ಮೇಲೆ ಕೇಳ್ತಾನೆ. ಸಾಲ ಕೊಟ್ಟೋರ್ಗಿಂತ ದ್ಯಾವ್ರು ಒಳ್ಳೇವ್ನು ಕಣವ್ವ.”

ನಾನು ಕೊನೆಯ ಅಸ್ತ್ರ ತೆಗೆದೆ. “ಈಗ ನೋಡಿ, ಕಾರ್ತಿಕ ಬಂದಿದೆ. ಕೂದಲು ಎದ್ದಿಲ್ಲ. ದೇವರು ಕೇಳ್ತಿದ್ದಾನೆ ಅನ್ನೋಕೆ ಏನಿದೆ?”

ಅಜ್ಜಿ ಕೋಮಲಳ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. “ಕೇಳ್ತಾನೆ ಇದ್ದ. ನೀನು ಎಣ್ಣೆ, ಲೋಳೆ ಆಕಿ ಅವ್ನ್ ಬಾಯ್ ಮುಚ್ಚಿದ್ದೀಯ. ಬರೋ ಸೋಮಾರ ಓಯ್ತೀವಿ.”

ಹೀಗೆ, ನನ್ನ ವೃತ್ತಿಜೀವನದ ಅತ್ಯುತ್ತಮ ಕೇಶರಕ್ಷಣೆಯ ಫಲವಾಗಿ ಬೋಳಿಸುವ ದಿನಾಂಕ ನಿಗದಿಯಾಯಿತು.

ಹಿಂದಿನ ದಿನ ಭಾನುವಾರ ಕೋಮಲಾ ಬಂದಳು. ಕೊನೆಯದಾಗಿ ಒಮ್ಮೆ ತಲೆ ತೊಳೆಸಿಕೊಳ್ಳಬೇಕೆಂದು ಕೇಳಿಕೊಂಡಿದ್ದಳಂತೆ. ದೇವರಿಗೆ ಕೊಡುವ ಕೂದಲು ಚೊಕ್ಕಟವಾಗಿರಲಿ ಎಂದು ಅಜ್ಜಿ ಒಪ್ಪಿದ್ದರು. ಹುಡುಗಿ ಓಡಿಹೋಗದಂತೆ ಕಾವಲಿಗೆ ತಾವೂ ಬಂದಿದ್ದರು. ನಾನು ಪೂರ್ವಪಕ್ಷ, ಉತ್ತರಪಕ್ಷಗಳಿಲ್ಲದೆ ತೊಳೆದೆ. ಕೋಮಲಳ ಕಣ್ಣಿಗೆ ಸೀಗೆಪುಡಿ ಬಿದ್ದಿರಲಿಲ್ಲ. ಬಿದ್ದಿದೆ ಎಂದು ಹೇಳಿದಳು.

ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಸೆರಗಿನೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಳ್ಳುತ್ತಲೇ ಇದ್ದರು. ಧೂಳು, ಹರಳೆಣ್ಣೆ, ಕಾರ್ತಿಕ.

“ಅಜ್ಜಿ, ನೀನೂ ತೊಳೆಸ್ಕೊ,” ಎಂದಳು ಕೋಮಲಾ, ಮೂಗೊರೆಸಿಕೊಳ್ಳುತ್ತ.

“ಎಷ್ಟ್ ತಗಂಡಾಳೋ ಇವ್ಳು.”

“ಏನೂ ಬೇಡ ಅಜ್ಜಿ,” ಎಂದೆ.

“ಪುಕ್ಸಟ್ಟೆ ಆದ್ರೆ ತೊಳಿ, ಅದೇನ್ ತೊಳ್ದೀಯೋ ನೋಡ್ಮ.”

ಹರಳೆಣ್ಣೆ ಬಿಡಲು ದಾಸವಾಳದ ಲೋಳೆ ಸಾಲದೆ ಅಂಟುವಾಳಕಾಯಿಯ ನೊರೆಯನ್ನೂ ಹಾಕಬೇಕಾಯಿತು. ಮೆತ್ತನೆಯ ಖಾದಿಯಲ್ಲಿ ನೀರು ಒತ್ತಿ ತೆಗೆದು, ಸಿಕ್ಕು ಬಿಡಿಸಿ, ಇಬ್ಬರನ್ನೂ ತಾರಸಿಯ ಬಿಸಿಲಿಗೆ ಕೂರಿಸಿದೆ. ಅಜ್ಜಿ ಒದ್ದೆಕೂದಲನ್ನೇ ಗಂಟು ಹಾಕಿಕೊಳ್ಳಲು ಕೈ ಎತ್ತಿದರು. ಕೋಮಲಾ ಆ ಕೈ ಹಿಡಿದುಕೊಂಡಳು.

“ಒಣಗ್ಲಿ ಬಿಡಜ್ಜಿ.”

“ತಲೆ ಬುಟ್ಕಂಡ್ ಕೂತ್ರೆ ಮಾರಿ ಅಂತಿದ್ರು ಕಣಮ್ಮಿ ನಮ್ಮತ್ತೆ. ಹಸಿ ತಲೇಗೇ ಎಣ್ಣೆ ಒತ್ತಿ ಗಂಟಾಕ್ಸೋರು. ಸಣ್ ಮಗೀಲೇ ಮದ್ವೆಯಾಗಿ ಬಂದೆ, ಆಗ್ಲಿಂದ ಇಂಗ್ ಬುಟ್ಕಂಡ್ ಕೂತಿಲ್ಲ.”

ಹಾಗೆಂದರೂ ಗಂಟು ಹಾಕಲಿಲ್ಲ. ಬಿಸಿಲು ಹಿತವಾಗಿತ್ತು, ಗೋಡೆಗೆ ಒರಗಿ ತೂಕಡಿಸಿದರು. ನಾನು ಕೆಳಗೆ ಇಬ್ಬರು ಗಿರಾಕಿಗಳನ್ನು ಮುಗಿಸಿ ಮೇಲೆ ಬಂದಾಗ ಕೋಮಲಾ ಅಜ್ಜಿಯನ್ನೇ ನೋಡುತ್ತ ನಿಂತಿದ್ದಳು. ಒಣಗಿದ ಬಿಳಿಯ ಕೂದಲು ಹೆಗಲ ಮೇಲೆ ಅಲೆಯಲೆಯಾಗಿ ಇಳಿದಿತ್ತು. ಹಣೆಯ ಸುತ್ತ ಸಣ್ಣ ಸಣ್ಣ ಅಲೆಗಳು. ಮೊಮ್ಮಗಳದೇ ಕೂದಲು, ಬಣ್ಣ ಮಾತ್ರ ಬೇರೆ.

ಕೋಮಲಾ ಕೆಳಗಿನಿಂದ ಕೈಗನ್ನಡಿ ತಂದು ಅಜ್ಜಿಯ ಮುಂದೆ ಹಿಡಿದಳು. ಸಣ್ಣತಾಯಮ್ಮ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಎಳೆದರು. ಬಿಟ್ಟರೆ ಅದು ಮತ್ತೆ ಅಲೆಯಾಗಿ ನಿಂತಿತು. ಇನ್ನೊಂದು ಎಳೆದರು. ಅದೂ ಅಷ್ಟೇ.

“ಇದ್ಯಾವ್ ಅರಕೆ ತಪ್ಪುದ್ದಕ್ ಬಂತು ನಂಗೆ?” ಎಂದರು, ಯಾರನ್ನೂ ನೋಡದೆ.

ಇಡೀ ಜೀವಮಾನ ಎದುರುಪಕ್ಷದವರ ಬಾಯಿಂದ ಇಂಥದೊಂದು ವಾಕ್ಯ ಹೊರಬೀಳಲೆಂದು ಕಾದವಳು ನಾನು. “ನೋಡಿದ್ರಾ ಅಜ್ಜಿ, ನಾನು ಅವತ್ತೇ ವಂಶ ಅಂತ...” ಎಂದು ಆರಂಭಿಸಿದೆ. ಕೋಮಲಾ ನನ್ನ ತೋಳನ್ನು ಜೋರಾಗಿ ಚಿವುಟಿದಳು. ಅಜ್ಜಿ ಕನ್ನಡಿ ಕೆಳಗಿಟ್ಟು, ಕೂದಲು ಸುತ್ತಿ ಗಂಟು ಹಾಕಿ, ಸೆರಗು ಹೊದ್ದರು. “ನಾಳೆ ಸೋಮಾರ. ಮೊದಲ್ನೇ ಬಸ್ಸಿಗೇ ಓಗ್ಬೇಕು. ನಡಿಯಮ್ಮಿ,” ಎಂದರು.

ಸೋಮವಾರ ನಾನು ಪಾರ್ಲರ್ ಮುಚ್ಚಿ ನಂಜನಗೂಡಿಗೆ ಹೋದೆ. ಬಸ್ಸಿನಲ್ಲಿ ನನ್ನ ವಾದವನ್ನು ಮೂರು ಭಾಗಗಳಾಗಿ ವಿಂಗಡಿಸಿಕೊಂಡಿದ್ದೆ: ಶಾಸ್ತ್ರದ ದೃಷ್ಟಿ, ಕಾನೂನಿನ ದೃಷ್ಟಿ, ಮಾನವೀಯ ದೃಷ್ಟಿ. ಕಪಿಲೆಯ ಸೋಪಾನಕಟ್ಟೆಯಲ್ಲಿ ಜನಜಂಗುಳಿ. ಮುಡಿ ತೆಗೆಯುವವರ ಮುಂದೆ ಅಜ್ಜಿ, ಮೊಮ್ಮಗಳು ನಿಂತಿರುವುದನ್ನು ಕಂಡು ಓಡಿದೆ. ಕೋಮಲಾ ಜಡೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಯಾರ್ದವ್ವ ಮುಡಿ?” ಎಂದು ಕತ್ತಿಗೆ ಬ್ಲೇಡು ಹಾಕುತ್ತ ಅವರಲ್ಲೊಬ್ಬ ಕೇಳಿದ.

“ನಂದು,” ಎಂದು ಸಣ್ಣತಾಯಮ್ಮ ಮಣೆಯ ಮೇಲೆ ಕೂತು ಗಂಟು ಬಿಚ್ಚಿದರು.

“ಅಜ್ಜೀ!”

“ಸುಮ್ನಿರಮ್ಮಿ. ಅವ್ನ್ ಕೇಳಿದ್ದು ಈ ಕೂದ್ಲ. ಯಾರ್ ತಲೇಲಿದ್ರೇನು, ಒಂದೇ ಬಳ್ಳಿ.” ಆಮೇಲೆ ನನ್ನನ್ನು ಕಂಡರು. “ಬಾ ಲಾಯರವ್ವ. ಇದ್ಕೂ ಏನಾರ ತಕರಾರ್ ಅದೆಯಾ?”

ಇತ್ತು. ನಿನ್ನೆಯಷ್ಟೇ ತಮ್ಮ ಕೂದಲನ್ನು ಮೊದಲ ಬಾರಿ ಕಂಡ ಮುದುಕಿ ಇಂದೇ ಅದನ್ನು ಕೊಡುವುದಕ್ಕೆ ನನ್ನ ತಕರಾರು ಬಹಳವಿತ್ತು. ಅದು ನನ್ನ ಮೂರು ದೃಷ್ಟಿಗಳಲ್ಲಿ ಯಾವುದರ ಅಡಿಯಲ್ಲೂ ಬರುತ್ತಿರಲಿಲ್ಲ. “ಇಲ್ಲ ಅಜ್ಜಿ,” ಎಂದು ಅವರ ಸೆರಗು ಒದ್ದೆಯಾಗದಂತೆ ಎತ್ತಿ ಹಿಡಿದುಕೊಂಡು ನಿಂತೆ. ಬಿಳಿಯ ಅಲೆಗಳು ಮೆಟ್ಟಿಲ ಮೇಲೆ ಉದುರಿದವು. ಕೋಮಲಾ ಕೂತು ಅವನ್ನು ಒಂದೊಂದಾಗಿ ಆರಿಸಿ ಒಟ್ಟು ಮಾಡಿದಳು.

ಕೋಮಲಾ ಕಾಲೇಜು ಬಿಡಲಿಲ್ಲ. ಗುಂಗುರು ಕೂದಲನ್ನೂ ಬಿಡಲಿಲ್ಲ. ನಾನು ಸ್ಟ್ರೈಟ್ನಿಂಗ್ ಮಾಡುವುದಿಲ್ಲವೆಂಬ ಫಲಕವನ್ನು ಮಾತ್ರ ಬಾಗಿಲಿನಿಂದ ತೆಗೆದು, ತಾರಸಿಯಲ್ಲಿ ಎರಡು ಕುರ್ಚಿ ಹಾಕಿಸಿದೆ. ಹುಡುಗಿಯರೇ, ಶರತ್ಕಾಲದಲ್ಲಿ ಗುಂಗುರು ಕೂದಲಿಗೆ ನಾನು ಕಂಡ ಉತ್ತಮ ಆರೈಕೆ ಇದು: ಚೆನ್ನಾಗಿ ತೊಳೆಯಿರಿ, ಬಿಸಿಲಿಗೆ ಕೂರಿಸಿ, ಒಣಗುವವರೆಗೆ ಬಾಯಿ ಮುಚ್ಚಿಕೊಂಡಿರಿ.

ಸಂಕ್ರಾಂತಿಗೆ ಮೊದಲು ಸಣ್ಣತಾಯಮ್ಮ ಒಬ್ಬರೇ ಮಹಡಿ ಹತ್ತಿ ಬಂದರು. ಬೆಂಚಿನ ಮೇಲೆ ಕೂತು ಸೆರಗು ಸರಿಸಿದರು. ತಲೆಯ ತುಂಬ ಬೆಳ್ಳಿಯ ಮುಳ್ಳಿನಂತೆ ಮೊಳಕೆ. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟುಕೊಂಡರು.

“ನೋಡ್ದಾ? ಇನ್ನೊಂದ್ ವರ್ಸ ಬುಡು,” ಎಂದರು. “ಅಂಗೇ ಬತ್ತದೆ ಕಣವ್ವ, ಅಲೆ ಅಲೆಯಾಗಿ.”